ಎತ್ತಿ ಇಡುವ ಕೈಗೆ ಒಪ್ಪುವ ಗೇಮಿಂಗ್ ಮೌಸ್

ಗೇಮಿಂಗ್ ಮೌಸ್‌ನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವುದು ಡಿಪಿಐ ಸಂಖ್ಯೆ. ಹೊಸ ಮೌಸ್ ಆರಿಸಲು ಕುಳಿತಾಗ ನಾನು ಮೊದಲು ಬದಿಗಿಟ್ಟದ್ದೂ ಅದನ್ನೇ. ಮೌಸನ್ನು ಒಂದು ಅಂಗುಲ ಸರಿಸಿದರೆ ಅದು ಕಂಪ್ಯೂಟರಿಗೆ ಎಷ್ಟು ಎಣಿಕೆಗಳನ್ನು ಕಳಿಸುತ್ತದೆ ಎಂಬುದನ್ನಷ್ಟೇ ಡಿಪಿಐ ಹೇಳುತ್ತದೆ. 800 ಡಿಪಿಐಯಲ್ಲಿ, ವಿಂಡೋಸ್‌ನ ಪಾಯಿಂಟರ್ ವೇಗವನ್ನು ನಡುವಿನ ಗೆರೆಯಲ್ಲಿ ಇಟ್ಟುಕೊಂಡು, 1920 ಪಿಕ್ಸೆಲ್ ಅಗಲದ ಪರದೆಯನ್ನು ದಾಟಲು ಕೈ ಸುಮಾರು 6 ಸೆಂ.ಮೀ. ಸರಿಯಬೇಕು. ಅದೇ ಪರದೆಯನ್ನು 30,000 ಡಿಪಿಐಯಲ್ಲಿ ದಾಟಲು 2 ಮಿ.ಮೀ.ಗಿಂತಲೂ ಕಡಿಮೆ ಚಲನೆ ಸಾಕು. ಬೆರಳು ಸಣ್ಣಗೆ ನಡುಗಿದರೂ ಪಾಯಿಂಟರ್ ಈ ಅಂಚಿನಿಂದ ಆ ಅಂಚಿಗೆ ಹೋಗಿ ನಿಲ್ಲುತ್ತದೆ. ಆ ಸಂಖ್ಯೆ ಚಲನೆಯನ್ನು ಅಳೆಯುವ ಸೆನ್ಸರ್‌ನ ಮೇಲ್ಮಿತಿಯನ್ನು ತಿಳಿಸುತ್ತದೆಯೇ ಹೊರತು ಆಟಕ್ಕೆ ಬೇಕಾದ ಮಟ್ಟವನ್ನಲ್ಲ. ಕೌಂಟರ್-ಸ್ಟ್ರೈಕ್ ಎಂಬ ಶೂಟಿಂಗ್ ಆಟ ಆಡುವ ವೃತ್ತಿಪರರಲ್ಲಿ ಬಹುಪಾಲು ಮಂದಿ ಇಂದಿಗೂ 400 ಅಥವಾ 800 ಡಿಪಿಐಯಲ್ಲಿಯೇ ಆಡುತ್ತಾರೆ.

ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಬೇರೆಯೇ ಒಂದು ಅಳತೆ. ಆಟದೊಳಗೆ ಒಂದು ಪೂರ್ಣ ಸುತ್ತು ತಿರುಗಲು ಮೌಸ್ ಪ್ಯಾಡ್‌ನ ಮೇಲೆ ಕೈ ಎಷ್ಟು ದೂರ ಸಾಗಬೇಕು ಎಂಬುದೇ ಆ ಅಳತೆ. ಕೌಂಟರ್-ಸ್ಟ್ರೈಕ್‌ನಲ್ಲಿ ಸೆನ್ಸಿಟಿವಿಟಿ (ಮೌಸ್‌ನ ಚಲನೆಗೆ ನೋಟ ಎಷ್ಟು ತಿರುಗಬೇಕೆಂಬ ಸೆಟ್ಟಿಂಗ್) 1 ಇದ್ದಾಗ ಮೌಸ್‌ನ ಒಂದು ಎಣಿಕೆಗೆ ನೋಟ 0.022 ಡಿಗ್ರಿ ತಿರುಗುತ್ತದೆ. ಈ ಲೆಕ್ಕದಂತೆ 360 ಡಿಗ್ರಿಗೆ ಸುಮಾರು 16,364 ಎಣಿಕೆಗಳು ಬೇಕು. 800 ಡಿಪಿಐಯಲ್ಲಿ ಅದು 20.45 ಅಂಗುಲ, ಅಂದರೆ ಹತ್ತಿರ ಹತ್ತಿರ 52 ಸೆಂ.ಮೀ. ಆಗುತ್ತದೆ. 400 ಡಿಪಿಐಗೆ ಸೆನ್ಸಿಟಿವಿಟಿ 2 ಇಟ್ಟರೂ ದೂರ ಅಷ್ಟೇ. ಪ್ಯಾಡ್‌ನ ಅಂಚಿಗೆ ಅಳತೆಪಟ್ಟಿ ಇಟ್ಟು, ಆಟದಲ್ಲಿ ಗೋಡೆಯ ಮೇಲಿನ ಒಂದು ಗುರುತನ್ನು ನೋಡುತ್ತ ಸುತ್ತು ತಿರುಗಿ ಮತ್ತೆ ಅದೇ ಗುರುತಿಗೆ ಬಂದು ನಿಂತು, ನಾನು ಈ ಲೆಕ್ಕವನ್ನು ತಾಳೆ ನೋಡಿದೆ. ನನ್ನ ಪ್ಯಾಡ್‌ನ ಅಗಲ 45 ಸೆಂ.ಮೀ. ಮೌಸ್ ನಡುವೆ ಇದ್ದರೆ ಎರಡೂ ಕಡೆಗೆ 20 ಸೆಂ.ಮೀ.ಗಿಂತ ಹೆಚ್ಚು ಜಾಗ ಉಳಿಯುವುದಿಲ್ಲ, ಆದರೆ ಬೆನ್ನ ಹಿಂದಿನ ಎದುರಾಳಿಯತ್ತ ತಿರುಗಲು 26 ಸೆಂ.ಮೀ. ಬೇಕು. ಹೀಗಾಗಿ ದೊಡ್ಡ ತಿರುವುಗಳಲ್ಲೆಲ್ಲ ಮೌಸನ್ನು ಎತ್ತಿ, ಹಿಂದಕ್ಕೆ ತಂದು, ಮತ್ತೆ ಇಟ್ಟು ಸರಿಸುವುದು ಅನಿವಾರ್ಯ. ಒಂದು ಸಂಜೆಯ ಆಟದಲ್ಲಿ ಇದು ಲೆಕ್ಕವಿಲ್ಲದಷ್ಟು ಬಾರಿ ನಡೆಯುತ್ತದೆ. ನನಗೆ ಬೇಕಾದದ್ದು ಚೆನ್ನಾಗಿ ಜಾರುವ ಮೌಸ್ ಮಾತ್ರವಲ್ಲ, ಚೆನ್ನಾಗಿ ಎತ್ತಿ ಇಡಲು ಬರುವ ಮೌಸ್ ಎಂದು ಇದರಿಂದ ಸ್ಪಷ್ಟವಾಯಿತು. ಮುಂದಿನ ಎಲ್ಲ ತೀರ್ಮಾನಗಳೂ ಇಲ್ಲಿಂದಲೇ ಹೊರಟವು.

ಸೆನ್ಸಿಟಿವಿಟಿಯನ್ನು ಅಳೆಯುವ ಮೊದಲು ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬ ಆಯ್ಕೆಯನ್ನು ತೆಗೆದುಬಿಡಬೇಕು. ಅದು ಇದ್ದರೆ ಕೈಯ ವೇಗ ಹೆಚ್ಚಿದಂತೆ ಪಾಯಿಂಟರ್ ಸಾಗುವ ದೂರವೂ ಹೆಚ್ಚುತ್ತ ಹೋಗುತ್ತದೆ. ರಾ ಇನ್‌ಪುಟ್ ಬಳಸುವ, ಅಂದರೆ ಮೌಸ್‌ನ ಎಣಿಕೆಗಳನ್ನು ನೇರವಾಗಿ ಓದುವ ಆಟಗಳು ಈ ಸೆಟ್ಟಿಂಗನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದರೂ ಎಲ್ಲ ಆಟಗಳೂ ಹಾಗಲ್ಲ.

ಇನ್ನು ಆಕಾರ. ನಾನು ಹೆಚ್ಚು ಸಮಯ ಕಳೆದದ್ದು ಇದರ ಮೇಲೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ನನ್ನ ಕೈ 18.5 ಸೆಂ.ಮೀ. ಉದ್ದವಿದೆ. ಕೈಯ ಉದ್ದದ ಶೇ. 60ರಷ್ಟು ಉದ್ದದ ಮೌಸ್ ಆರಿಸಬೇಕೆಂಬ ರೂಢಿಯ ಸೂತ್ರದ ಪ್ರಕಾರ ನನಗೆ ಸುಮಾರು 11 ಸೆಂ.ಮೀ.ನ ಮೌಸ್ ಹೊಂದಬೇಕು. ಕೊನೆಗೆ ನನ್ನ ಕೈಗೆ ಒಪ್ಪಿದ್ದು 12 ಸೆಂ.ಮೀ.ನದು. ಆ ಸೂತ್ರ ತೀರಾ ದೊಡ್ಡ ಅಥವಾ ತೀರಾ ಚಿಕ್ಕ ಮೌಸ್‌ಗಳನ್ನು ಕೈಬಿಡಲು ಮಾತ್ರ ನೆರವಾಗುತ್ತದೆ. ಒಂದೇ ಉದ್ದದ ಎರಡು ಮೌಸ್‌ಗಳಲ್ಲಿ ಒಂದರ ಬೆನ್ನಿನ ಉಬ್ಬು ನಡುವೆಯೂ ಇನ್ನೊಂದರದು ಹಿಂದಕ್ಕೂ ಇದ್ದರೆ ಕೈಗೆ ಅವು ಎರಡು ಬೇರೆ ಬೇರೆ ಗಾತ್ರದವುಗಳೆನ್ನಿಸುತ್ತವೆ. ಅಂಗೈಯನ್ನು ಪೂರ್ತಿಯಾಗಿ ಮೌಸ್‌ನ ಮೇಲೆ ಒರಗಿಸುವ ಪಾಮ್ ಗ್ರಿಪ್‌ನವರಿಗೆ ಎತ್ತರದ, ಉದ್ದನೆಯ ಬೆನ್ನು ಆಧಾರ ಕೊಡುತ್ತದೆ. ಬೆರಳ ತುದಿಗಳಷ್ಟೇ ತಾಗುವ ಫಿಂಗರ್‌ಟಿಪ್ ಗ್ರಿಪ್‌ನವರಿಗೆ ಅದೇ ಬೆನ್ನು ಅಡ್ಡಿಯಾಗುತ್ತದೆ. ನನ್ನದು ಇವೆರಡರ ನಡುವಿನ ಕ್ಲಾ ಗ್ರಿಪ್: ಅಂಗೈಯ ಬುಡ ಮೌಸ್‌ನ ಹಿಂಭಾಗಕ್ಕೆ ತಾಗಿರುತ್ತದೆ, ಬೆರಳುಗಳು ಬಾಗಿ ಗುಂಡಿಗಳ ಮೇಲೆ ನಿಲ್ಲುತ್ತವೆ. ಹಿಂದಕ್ಕೆ ಸರಿದ ಉಬ್ಬು ನನಗೆ ಹೊಂದಿದ್ದು ಈ ಕಾರಣದಿಂದ.

ಬಲಗೈಗೆಂದೇ ಓರೆಯಾಗಿ ರೂಪಿಸಿದ ಮೌಸ್‌ಗಳು ಮುಟ್ಟಿದ ತಕ್ಷಣ ಮನಸ್ಸನ್ನು ಗೆಲ್ಲುತ್ತವೆ. ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ 3.0 ಇಂತಹ ಆಕಾರದಿಂದ ಶೂಟಿಂಗ್ ಆಟಗಾರರ ಮೆಚ್ಚುಗೆ ಗಳಿಸಿತ್ತು. ಝೋವಿಯ ಇಸಿ ಮಾಲಿಕೆಯಲ್ಲಿ, 2006ರಲ್ಲಿ ಬಂದ ರೇಜರ್ ಡೆತ್‌ಆಡರ್‌ನಲ್ಲಿ ಅದೇ ಬಗೆಯ ಓರೆಯನ್ನು ಕಾಣಬಹುದು. ಕೈ ವಿಶ್ರಾಂತಿಯಲ್ಲಿರುವಾಗ ಇವುಗಳಷ್ಟು ಹಿತವಾದವು ಬೇರೆ ಇಲ್ಲವೆಂದೇ ನಾನು ಇಂದಿಗೂ ಹೇಳುತ್ತೇನೆ. ಆದರೆ ಎತ್ತುವಾಗ ಮೌಸನ್ನು ಹಿಡಿಯುವುದು ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಉಂಗುರ ಬೆರಳು ಮತ್ತು ಕಿರುಬೆರಳು. ಓರೆಯ ಮೌಸ್‌ನಲ್ಲಿ ಬಲಬದಿ ಹೊರಕ್ಕೆ ಇಳಿಜಾರಾಗಿರುವುದರಿಂದ ಕಿರುಬೆರಳು ಜಾರುತ್ತದೆ, ಅದನ್ನು ತಡೆಯಲು ಒತ್ತಿ ಹಿಡಿಯಬೇಕಾಗುತ್ತದೆ, ಒತ್ತಿದಷ್ಟೂ ಮುಂಗೈ ಬಿಗಿಯಾಗುತ್ತದೆ. ಎರಡೂ ಬದಿ ಸಮಾನವಾಗಿರುವ ಮೌಸ್‌ನಲ್ಲಿ ಬೆರಳುಗಳು ಎದುರುಬದುರಾಗಿ ನಿಲ್ಲುತ್ತವೆ. ಬದಿಗೋಡೆಗಳು ಮೇಲಿನಿಂದ ಕೆಳಕ್ಕೆ ಒಳಮುಖವಾಗಿ ಸ್ವಲ್ಪ ವಾಲಿದ್ದರೆ ಇನ್ನೂ ಒಳ್ಳೆಯದು; ಬೆರಳುಗಳಿಗೆ ಮೌಸ್‌ನ ಅಡಿಯಲ್ಲಿ ಆಧಾರ ಸಿಗುವುದರಿಂದ ಹಗುರವಾಗಿ ಹಿಡಿದರೂ ಅದು ಮೇಲೇಳುತ್ತದೆ. ಈ ಒಂದು ಗುಣಕ್ಕಾಗಿ ನಾನು ಹಿತವಾದ ಓರೆಯ ಆಕಾರವನ್ನು ಬಿಟ್ಟು ಸಮಾನ ಬದಿಗಳ ಮೌಸನ್ನು ಆರಿಸಿದೆ. ಮಾದರಿಯ ಹೆಸರು ಹೇಳುವುದರಿಂದ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಒಂದೇ ಹೆಸರಿನ ಮುಂದಿನ ಆವೃತ್ತಿಯಲ್ಲಿ ಆಕಾರವೇ ಬದಲಾಗಿರುವುದುಂಟು.

ಒಂದು ಕಾಲದಲ್ಲಿ ಭಾರವನ್ನೇ ಗುಣವೆಂದು ಮಾರುತ್ತಿದ್ದರು. ಲಾಜಿಟೆಕ್‌ನ ಜಿ502 ತಾನೇ 121 ಗ್ರಾಂ ತೂಗುತ್ತಿತ್ತು. ಅದರ ಮೇಲೆ ತಲಾ 3.6 ಗ್ರಾಂನ 5 ತೂಕದ ತುಂಡುಗಳನ್ನೂ ಸೇರಿಸಿಕೊಳ್ಳಬಹುದಿತ್ತು. ಈಗ ವೈರ್‌ಲೆಸ್ ಮೌಸ್‌ಗಳೂ 60 ಗ್ರಾಂನ ಆಸುಪಾಸಿನಲ್ಲಿವೆ. ಮೌಸನ್ನು ಎತ್ತದೆ ಸರಿಸುವವರಿಗೆ ಇದರಿಂದ ಆಗುವ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಪದೇ ಪದೇ ಎತ್ತುವ ನನಗೆ 120 ಗ್ರಾಂನಿಂದ 80ಕ್ಕೆ ಇಳಿದಾಗ ಮಣಿಕಟ್ಟಿಗೆ ಆದ ನಿರಾಳ ಸ್ಪಷ್ಟವಾಗಿತ್ತು, 80ರಿಂದ 60ಕ್ಕೆ ಇಳಿದಾಗಲೂ ತಕ್ಕಮಟ್ಟಿಗೆ ತಿಳಿಯಿತು, ಅದರಿಂದಾಚೆಗಿನ ನಾಲ್ಕೈದು ಗ್ರಾಂ ನನ್ನ ಕೈಗೆ ಗೊತ್ತಾಗಲೇ ಇಲ್ಲ. ಒಟ್ಟು ತೂಕದಷ್ಟೇ ಮುಖ್ಯವಾದದ್ದು ಆ ತೂಕ ಎಲ್ಲಿ ಕುಳಿತಿದೆ ಎಂಬುದು. ಆಟದಲ್ಲಿ ಹಿಡಿಯುವಂತೆಯೇ ಬದಿಗಳನ್ನು ಹಿಡಿದು ಮೌಸನ್ನು ಮೆಲ್ಲನೆ ಎತ್ತಿ ನೋಡಿದರೆ ಮೂತಿ ಕೆಳಗೆ ಬಾಗುತ್ತದೆಯೋ, ಹಿಂಭಾಗ ಜೋಲುತ್ತದೆಯೋ, ಸಮನಾಗಿ ಮೇಲೇಳುತ್ತದೆಯೋ ತಿಳಿಯುತ್ತದೆ. ಮೂತಿ ಬಾಗುವ ಮೌಸ್‌ನ ಮುಂಭಾಗ ಪ್ರತಿ ಸಲವೂ ಪ್ಯಾಡನ್ನು ಉಜ್ಜಿಕೊಂಡೇ ಹಿಂದಕ್ಕೆ ಬರುತ್ತದೆ.

ಸೆನ್ಸರ್‌ನ ವಿಷಯದಲ್ಲಿ ನಾನು ಬೇಗನೆ ನಿಶ್ಚಿಂತನಾದೆ, ಒಂದು ಅಂಶದ ಹೊರತಾಗಿ. ಮೌಸ್‌ನ ಅಡಿಯಲ್ಲಿರುವ ಪುಟ್ಟ ಕ್ಯಾಮೆರಾ ಬೆಳಕು ಬಿದ್ದ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆಗೆದು, ಒಂದರ ನಂತರದ ಇನ್ನೊಂದನ್ನು ಹೋಲಿಸಿ, ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತದೆ. ತೈವಾನ್‌ನ ಪಿಕ್ಸ್‌ಆರ್ಟ್ ಸಂಸ್ಥೆಯ ಸೆನ್ಸರ್‌ಗಳು ಹಲವಾರು ಕಂಪನಿಗಳ ಮೌಸ್‌ಗಳಲ್ಲಿ ಇರುತ್ತವೆ. ಅವುಗಳಲ್ಲಿ ಈಗ ಹಳೆಯದೆನಿಸುವ 3360 ಎಂಬ ಮಾದರಿಯ ವೇಗದ ಮಿತಿಯೇ ಸೆಕೆಂಡಿಗೆ 250 ಅಂಗುಲ, ಎಂದರೆ 6 ಮೀಟರಿಗೂ ಹೆಚ್ಚು. 45 ಸೆಂ.ಮೀ.ನ ಪ್ಯಾಡ್‌ನ ಮೇಲೆ ನನ್ನ ಕೈ ಆ ವೇಗವನ್ನು ಮುಟ್ಟುವುದಿಲ್ಲ.

ಆ ಒಂದು ಅಂಶವೆಂದರೆ ಲಿಫ್ಟ್-ಆಫ್ ಡಿಸ್ಟೆನ್ಸ್, ಅಂದರೆ ಮೌಸನ್ನು ಎಷ್ಟು ಎತ್ತರಕ್ಕೆ ಎತ್ತಿದ ಮೇಲೆ ಸೆನ್ಸರ್ ಚಲನೆಯನ್ನು ಗುರುತಿಸುವುದನ್ನು ನಿಲ್ಲಿಸುತ್ತದೆ ಎಂಬುದು. ಇದು ಹೆಚ್ಚಿದ್ದರೆ ಮೌಸನ್ನು ಎತ್ತಿ ಹಿಂದಕ್ಕೆ ತರುವಾಗಲೂ ಗುರಿ ಅಲ್ಲಾಡುತ್ತದೆ, ಇಟ್ಟ ಕ್ಷಣದಲ್ಲಿ ತಾನಿದ್ದ ಜಾಗ ಬಿಟ್ಟು ಪಕ್ಕಕ್ಕೆ ಜಿಗಿದಿರುತ್ತದೆ. ಇದನ್ನು ಪರೀಕ್ಷಿಸಲು ನಾನು ಬಳಸಿದ್ದು ಹಳೆಯ ಸಿಡಿಗಳನ್ನು. ಒಂದು ಸಿಡಿಯ ದಪ್ಪ 1.2 ಮಿ.ಮೀ. ಮೌಸ್‌ನ ಮುಂಭಾಗದ ಅಡಿಗೆ ಒಂದು, ಹಿಂಭಾಗದ ಅಡಿಗೆ ಒಂದು ಸಿಡಿಯನ್ನು ಇಟ್ಟು, ನಡುವಿನ ಸೆನ್ಸರ್‌ನ ಎದುರಿಗೆ ಬರಿಯ ಪ್ಯಾಡ್ ಕಾಣುವಂತೆ ಮಾಡಿ ಮೆಲ್ಲನೆ ಅಲುಗಿಸಬೇಕು. ಪಾಯಿಂಟರ್ ಕದಲದಿದ್ದರೆ ಅಂತರ 1.2 ಮಿ.ಮೀ.ಗಿಂತ ಕಡಿಮೆ; ಕದಲಿದರೆ ಸಿಡಿಗಳನ್ನು ಎರಡೆರಡು ಮಾಡಿ ಮತ್ತೆ ನೋಡಬೇಕು. ಎರಡೆರಡು ಸಿಡಿಗಳ ಮೇಲಿಟ್ಟಾಗಲೂ ಪಾಯಿಂಟರ್ ಓಡಾಡಿದ ಮೌಸನ್ನು, ಬೇರೆಲ್ಲ ರೀತಿಯಲ್ಲಿ ಒಪ್ಪಿದ್ದರೂ, ನಾನು ಬಿಟ್ಟುಬಿಟ್ಟೆ. ಅನೇಕ ಮೌಸ್‌ಗಳಲ್ಲಿ ಈ ಅಂತರವನ್ನು 1 ಅಥವಾ 2 ಮಿ.ಮೀ. ಎಂದು ಸಾಫ್ಟ್‌ವೇರ್‌ನಲ್ಲಿಯೇ ಹೊಂದಿಸಬಹುದು. ಪ್ಯಾಡ್‌ನ ಬಣ್ಣ ಮತ್ತು ನೇಯ್ಗೆಯಿಂದಲೂ ಇದು ಬದಲಾಗುವುದರಿಂದ ಸ್ವಂತ ಪ್ಯಾಡ್‌ನ ಮೇಲೆಯೇ ಪರೀಕ್ಷಿಸುವುದು ಸರಿ.

ವೈರ್‌ಲೆಸ್ ಬೇಕೆ ಎಂಬ ಪ್ರಶ್ನೆಗೂ ಉತ್ತರ ಕೊಟ್ಟದ್ದು ಎತ್ತುವ ಅಭ್ಯಾಸವೇ. ವೈರ್ ಇರುವ ಮೌಸನ್ನು ಎತ್ತಿದಾಗಲೆಲ್ಲ ವೈರ್ ಅದನ್ನು ಒಂದು ಕಡೆಗೆ ಎಳೆಯುತ್ತದೆ. ಮೃದುವಾದ ಬಟ್ಟೆ ಸುತ್ತಿದ ವೈರ್‌ನಲ್ಲಿ ಎಳೆತ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. 2.4 ಗಿಗಾಹರ್ಟ್ಜ್ ರಿಸೀವರ್ ಇರುವ ಒಳ್ಳೆಯ ಮೌಸ್‌ಗಳಲ್ಲಿ ವಿಳಂಬ ನನಗೆ ಕಾಣಿಸಲಿಲ್ಲ. ಬ್ಲೂಟೂತ್ ಕಚೇರಿ ಕೆಲಸಕ್ಕೆ ಸರಿ, ಆಟಕ್ಕಲ್ಲ. ರಿಸೀವರನ್ನು ಕ್ಯಾಬಿನೆಟ್‌ನ ಹಿಂದೆ, ಯುಎಸ್‌ಬಿ 3.0 ಪೋರ್ಟ್‌ಗಳ ನಡುವೆ ಸಿಕ್ಕಿಸಬಾರದು, ಏಕೆಂದರೆ ಯುಎಸ್‌ಬಿ 3.0ರಿಂದ ಹೊಮ್ಮುವ ರೇಡಿಯೋ ಗದ್ದಲ ಅದೇ 2.4 ಗಿಗಾಹರ್ಟ್ಜ್ ವ್ಯಾಪ್ತಿಗೆ ಬರುತ್ತದೆ. ಮೌಸ್‌ನೊಂದಿಗೆ ಬಂದ ಚಿಕ್ಕ ಕೇಬಲ್‌ನಿಂದ ಅದನ್ನು ಮೇಜಿನ ಮೇಲೆ, ಪ್ಯಾಡ್‌ನ ಹತ್ತಿರಕ್ಕೆ ತಂದಿಟ್ಟಿದ್ದೇನೆ.

ಪೋಲಿಂಗ್ ರೇಟ್ 1000 ಹರ್ಟ್ಜ್ ಇದ್ದರೆ ಮೌಸ್ ತನ್ನ ಸ್ಥಿತಿಯನ್ನು 1 ಮಿಲಿಸೆಕೆಂಡಿಗೊಮ್ಮೆ ತಿಳಿಸುತ್ತದೆ. ಹಳೆಯ ರೂಢಿಯಾದ 125 ಹರ್ಟ್ಜ್‌ನಲ್ಲಿ 8 ಮಿಲಿಸೆಕೆಂಡಿಗೊಮ್ಮೆ. ನನ್ನ 144 ಹರ್ಟ್ಜ್ ಮಾನಿಟರ್ ಒಂದು ಚಿತ್ರವನ್ನು ಸುಮಾರು 7 ಮಿಲಿಸೆಕೆಂಡ್ ತೋರಿಸುತ್ತದೆ. 8000 ಹರ್ಟ್ಜ್‌ನ ಮೌಸ್ ಅದರ ಮುಂದೆ ನನಗೆ ಹೆಚ್ಚಿನದೇನನ್ನೂ ಕೊಡುವುದಿಲ್ಲ, ಪ್ರೊಸೆಸರ್‌ನ ಮೇಲಿನ ಹೊರೆಯನ್ನು ಹೆಚ್ಚಿಸಿ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ.

ಗುಂಡಿಗಳಲ್ಲಿ ನಾನು ಮೊದಲು ನೋಡಿದ್ದು ಹೆಬ್ಬೆರಳಿನ ಬದಿಯ ಎರಡನ್ನು. ಅವು ಹೆಬ್ಬೆರಳಿಗೆ ಸುಲಭವಾಗಿ ಎಟುಕಬೇಕು, ಆದರೆ ಮೌಸನ್ನು ಎತ್ತಲು ಬದಿಯನ್ನು ಒತ್ತಿದಾಗ ತಾವಾಗಿ ಅದುಮಿಹೋಗಬಾರದು. ಬದಿಗೋಡೆಯ ಕೆಳಭಾಗದವರೆಗೂ ಇಳಿದ ಅಗಲವಾದ ಗುಂಡಿಗಳಿರುವ ಮೌಸ್‌ಗಳು ಇಲ್ಲಿಯೇ ಪಟ್ಟಿಯಿಂದ ಹೊರಬಿದ್ದವು; ಹೆಬ್ಬೆರಳಿಗೆ ನಿಲ್ಲಲು ಗುಂಡಿಗಳ ಕೆಳಗೆ ಬರಿಯ ಜಾಗ ಬೇಕು. ಮುಖ್ಯ ಗುಂಡಿಗಳ ಸ್ವಿಚ್‌ಗಳು ಲೋಹದ ಸಂಪರ್ಕದವಾಗಿದ್ದರೆ ಸವೆತದಿಂದ ಮುಂದೆ ಒಂದು ಒತ್ತಿಗೆ ಎರಡು ಕ್ಲಿಕ್ ಬೀಳುವ ತೊಂದರೆ ಬರಬಹುದು. ಬೆಳಕಿನ ಕಿರಣ ಕಡಿದಾಗ ಕ್ಲಿಕ್ ದಾಖಲಾಗುವ ಆಪ್ಟಿಕಲ್ ಸ್ವಿಚ್‌ಗಳಲ್ಲಿ ಆ ಕಾರಣವೇ ಇಲ್ಲದಿರುವುದರಿಂದ ನಾನು ಅವುಗಳನ್ನು ಆರಿಸಿದೆ, ಕ್ಲಿಕ್‌ನ ಸದ್ದು ತುಸು ಟೊಳ್ಳಾಗಿದ್ದರೂ. ಜಿಗಿತವನ್ನು ಸ್ಕ್ರೋಲ್ ಚಕ್ರಕ್ಕೆ ಜೋಡಿಸಿಕೊಂಡು ಆಡುವವನಾದ್ದರಿಂದ ಚಕ್ರದ ಹಲ್ಲುಗಳು ಬೆರಳಿಗೆ ಒಂದೊಂದಾಗಿ ತಿಳಿಯಬೇಕಿತ್ತು.

ಮೌಸ್‌ನ ಅಡಿಯ ಪಾದಗಳು ಸಾಮಾನ್ಯವಾಗಿ ಪಿಟಿಎಫ್‌ಇಯವು, ಅಂದರೆ ಟೆಫ್ಲಾನ್. ಎತ್ತಿ ಇಡುವಾಗ ಮೌಸ್ ಯಾವಾಗಲೂ ಸಮತಟ್ಟಾಗಿ ಇಳಿಯುವುದಿಲ್ಲ. ಪಾದಗಳ ಅಂಚು ಚೂಪಾಗಿದ್ದರೆ ಓರೆಯಾಗಿ ಇಳಿದಾಗ ಬಟ್ಟೆಯ ಪ್ಯಾಡನ್ನು ಕೆರೆಯುತ್ತದೆ, ಆ ಕ್ಷಣದಲ್ಲಿ ಚಲನೆ ತಡವರಿಸುತ್ತದೆ. ಅಂಚನ್ನು ದುಂಡಾಗಿಸಿದ, ದಪ್ಪನೆಯ ಪಾದಗಳನ್ನು ಬೇರೆಯಾಗಿ ತಂದು ಅಂಟಿಸಿಕೊಂಡ ಮೇಲೆ ಇದು ನಿಂತಿತು. ದಪ್ಪ ಪಾದ ಮೌಸನ್ನು ಕೂದಲೆಳೆಯಷ್ಟು ಮೇಲಕ್ಕೆತ್ತುವುದರಿಂದ ಸಿಡಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದೆ. ಬಟ್ಟೆಯ ಪ್ಯಾಡ್ ತೇವದ ಹವೆಯಲ್ಲಿ ನಿಧಾನವಾಗುತ್ತದೆ ಎಂಬುದನ್ನು ಬಿಟ್ಟರೆ ಅದರ ಮೇಲೆ ನನ್ನ ದೂರುಗಳಿಲ್ಲ. ಗಾಜಿನ ಪ್ಯಾಡ್‌ಗಳನ್ನು ಎಲ್ಲ ಸೆನ್ಸರ್‌ಗಳೂ ಒಂದೇ ರೀತಿ ಓದುವುದಿಲ್ಲವಾದ್ದರಿಂದ ಅತ್ತ ಹೋಗಲಿಲ್ಲ.

ಒಂದು ಸುತ್ತಿಗೆ 20 ಸೆಂ.ಮೀ. ಸಾಕೆನ್ನುವ, ಮಣಿಕಟ್ಟನ್ನು ಊರಿಯೇ ಆಡುವ ಆಟಗಾರರಿಗೆ ಮೇಲಿನ ಹಲವು ಎಚ್ಚರಿಕೆಗಳು ಅನ್ವಯಿಸುವುದಿಲ್ಲ. ಅವರು ಓರೆಯ ಆಕಾರವನ್ನೇ ನಿಶ್ಚಿಂತೆಯಿಂದ ಆರಿಸಬಹುದು. ಡೋಟಾ 2ರಂತಹ ಆಟಗಳಲ್ಲಿ ತಿರುಗಿಸಲು ನೋಟವೇ ಇಲ್ಲ, ಪಾಯಿಂಟರ್ ಮಾತ್ರ ಓಡಾಡುತ್ತದೆ, ಆದ್ದರಿಂದ ಅಲ್ಲಿ ಕ್ಲಿಕ್‌ನ ಹಗುರತನಕ್ಕೆ ಹೆಚ್ಚು ಬೆಲೆ. ಒಂದೊಂದು ಮಂತ್ರಕ್ಕೂ ಒಂದೊಂದು ಗುಂಡಿ ಬೇಕಾಗುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂತಹವುಗಳಿಗೆ ಹೆಬ್ಬೆರಳಿನ ಬದಿಯಲ್ಲಿ 12 ಗುಂಡಿಗಳಿರುವ ಭಾರವಾದ ಮೌಸ್‌ಗಳೇ ಇವೆ. ಅವುಗಳನ್ನು ಎತ್ತಲು ಹೋದರೆ ಮಾತ್ರ ಯಾವ ಮಂತ್ರ ಹೊರಡುತ್ತದೆ ಎಂದು ಹೇಳಲಾಗದು.

ನಾನು 800 ಡಿಪಿಐ, 1000 ಹರ್ಟ್ಜ್, 1 ಮಿ.ಮೀ. ಲಿಫ್ಟ್-ಆಫ್ ಡಿಸ್ಟೆನ್ಸ್ ಎಂಬ ಮೂರು ಸೆಟ್ಟಿಂಗ್‌ಗಳನ್ನು ಮೌಸ್‌ನೊಳಗಿನ ಮೆಮೊರಿಯಲ್ಲಿಯೇ ಉಳಿಸಿದೆ. ಚಲನೆಯನ್ನು ನೇರಗೆರೆಗೆ ಎಳೆಯುವ ಆಂಗಲ್ ಸ್ನ್ಯಾಪಿಂಗ್ ಆಫ್ ಆಗಿದೆಯೆಂದು ಖಚಿತಪಡಿಸಿಕೊಂಡು, ಆ ನಂತರ ಕಂಪನಿಯ ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ತೆಗೆದುಹಾಕಿದೆ. ಬೇರೆ ಕಂಪ್ಯೂಟರಿಗೆ ಜೋಡಿಸಿದಾಗಲೂ ಅವು ಹಾಗೆಯೇ ಇರುತ್ತವೆ.