ಮಳೆಗಾಲದಲ್ಲೂ ಬಾಗಿಲು ತೆರೆದ ಹಳೇ ಬಂಗಲೆ: ನನ್ನ ಅನುಭವ

ಕಳೆದ ಜುಲೈಯಲ್ಲಿ ನಮ್ಮ 4 ಕೋಣೆಗಳೂ 11 ರಾತ್ರಿ ಭರ್ತಿ ಇದ್ದವು. ಅದೇ ತಿಂಗಳು ತೋಟದ ಮಳೆಮಾಪಕ 45 ಇಂಚು ದಾಟಿತ್ತು. ಮಳೆಗಾಲದಲ್ಲಿ ಹಳೇ ಮನೆ ತೆರೆದಿಟ್ಟರೆ ಬೂಷ್ಟು ಹಿಡಿದ ಹಾಸಿಗೆಗೆ ಬೈಸಿಕೊಳ್ಳಬೇಕಷ್ಟೆ ಅಂದಿದ್ದ ಸುತ್ತಲಿನ ಹೋಂಸ್ಟೇಯವರು ಈಗ ಬಂದು ಗೋಡೆ ಮುಟ್ಟಿ ನೋಡುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಮಡಿಕೇರಿಯಿಂದ ಸ್ವಲ್ಪ ದೂರದ ಈ ಬಂಗಲೆಯನ್ನು ನಮ್ಮವರ ಅಜ್ಜ 1949ರಲ್ಲಿ ಊರಿಗೆ ಹೊರಟಿದ್ದ ಬಿಳಿ ದೊರೆಯೊಬ್ಬನಿಂದ ಕೊಂಡದ್ದು. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಮಣ್ಣಿನ ಗಾರೆ, ಮಂಗಳೂರು ಹೆಂಚು. 2015ರಲ್ಲಿ ಹೋಂಸ್ಟೇ ಮಾಡಲು ಹೊರಟಾಗ ಮೊದಲು ಮಾಡಿದ ತಪ್ಪೇ ಸಿಮೆಂಟ್ ಪ್ಲಾಸ್ಟರ್. ಸುಮಾರು 2.20 ಲಕ್ಷ ಖರ್ಚು. ಮೊದಲ ಮಳೆಗೇ ಬಣ್ಣ ಅಪ್ಪಳದ ಹಾಗೆ ಉಬ್ಬಿತು. ಪೇಂಟ್ ಅಂಗಡಿಯವರು ವಾಟರ್‌ಪ್ರೂಫ್ ಹಚ್ಚಿಸಿ ಅಂದರು, ಅದಕ್ಕೆ ಇನ್ನೂ 60 ಸಾವಿರ ಹೋಯಿತು. ಮರುವರ್ಷ ಮಂಚದ ಹಿಂದಿನ ಗೋಡೆ ಬೆರಳಿಟ್ಟರೆ ಪುಡಿಯಾಗುತ್ತಿತ್ತು. ದಾರಂದದ ಬುಡಕ್ಕೂ ಪಸೆ ಏರಿ ಮರ ಮೆತ್ತಗಾಯಿತು. 2018ರ ಆಗಸ್ಟ್‌ನಲ್ಲಿ ಜಿಲ್ಲೆಯಲ್ಲೆಲ್ಲ ಬೆಟ್ಟ ಜರಿದಾಗ ನಮ್ಮ ಮನೆ ದೇವರ ದಯದಿಂದ ನಿಂತಿತು. ಆದರೆ ಬುಕಿಂಗ್ ಅಷ್ಟೂ ಹೋಯಿತು. ಮಾರಿಬಿಡೋಣ ಎಂದು ನಮ್ಮವರು ಹೇಳಿದ್ದೂ ಆಗಲೇ.

ಪುತ್ತೂರು ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಹೆಂಚು ಸರಿಮಾಡಲು ಬಂದವರು ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, "ಅಕ್ಕಾ, ಇದಕ್ಕೆ ಉಸಿರು ಕಟ್ಟಿದೆ ಮಾರಾಯ್ರೆ. ಸಿಮೆಂಟು ತೆಗೀರಿ" ಅಂದರು. ತೆಗೆಸಲಿಕ್ಕೇ 40 ಸಾವಿರ. ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿ, ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಸೇರಿಸಿ ಗಾರೆ ಮಾಡಿದೆವು. ಮೊದಲ ಸಲ ಅದೂ ಕೆಟ್ಟಿತು. ಸುಣ್ಣ ನೆನೆದದ್ದು ಬರೀ 4 ದಿನ. ಅದೂ 2019ರ ಜನವರಿ. ಕಾಫಿ ಕುಯ್ಲಿನ ಹೊತ್ತಲ್ಲಿ ಗೋಡೆಗೆ ನೀರು ಚಿಮುಕಿಸಲು ಆಳು ಎಲ್ಲಿ ಸಿಗಬೇಕು? ಒಣಗಾಳಿಗೆ ಗೋಡೆಯಿಡೀ ಕೂದಲೆಳೆಯಂಥ ಬಿರುಕು. ಎರಡು ಕೋಣೆಯದ್ದನ್ನು ಮತ್ತೆ ಕೆರೆಸಿ ಹಾಕಿದೆವು. ಅಕ್ಟೋಬರ್‌ನಲ್ಲಿ, ಗಾಳಿಯಲ್ಲಿ ಇನ್ನೂ ತೇವ ಇರುವಾಗ, ಎರಡು ತಿಂಗಳು ಗುಂಡಿಯಲ್ಲಿ ನೆನೆದು ಬೆಣ್ಣೆಯಂತಾದ ಸುಣ್ಣದಿಂದ ಮಾಡಿದ ಗಾರೆ ಇವತ್ತಿಗೂ ಒಂದು ಚಕ್ಕೆ ಎದ್ದಿಲ್ಲ. ಬೆಲ್ಲದ ನೀರು ಹಾಕುತ್ತೇವೆ, ಅದು ಎಲ್ಲರಿಗೂ ಗೊತ್ತು. ಅದರ ಜೊತೆ ನೆನೆಹಾಕುವ ಕಾಯಿ ಯಾವುದು, ಎಷ್ಟು ದಿನ ಎನ್ನುವುದು ಮೇಸ್ತ್ರಿಯ ಮನೆತನದ ಗುಟ್ಟು. ಬಿಟ್ಟುಕೊಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ನಾಲ್ಕು ಕೋಣೆಗೆ ಒಟ್ಟು ಮೂರೂಮುಕ್ಕಾಲು ಲಕ್ಷ ಆಗಿರಬೇಕು. 2020ರಲ್ಲಿ ಕೊರೊನಾ ಬಂದು ಮನೆ ಖಾಲಿ ಇದ್ದದ್ದು ಗೋಡೆಗೆ ಒಳ್ಳೆಯದೇ ಆಯಿತು, ನಿಧಾನಕ್ಕೆ ಗಟ್ಟಿಯಾಯಿತು.

ಗೋಡೆ ಒಣಗಿದರೆ ಮುಗಿಯಲಿಲ್ಲ, ಹಾಸಿಗೆ ಬಟ್ಟೆ ಒಣಗಬೇಕಲ್ಲ. ಬಚ್ಚಲೊಲೆಯ ಮೇಲೆ ಬಿದಿರಿನ ಅಟ್ಟ ಕಟ್ಟಿ ಬೆಡ್‌ಶೀಟ್ ಹರವಿದೆ. ಒಣಗಿದವು, ಆದರೆ ಅತಿಥಿಗಳು ಹೊಗೆ ವಾಸನೆ ಅಂದರು. ಸಿಲ್ವರ್ ಓಕ್ ಬಿಟ್ಟು ಬೋಳಿಸಿದ ಹಳೇ ಕಾಫಿ ಗಿಡದ ಸೌದೆ ಹಾಕಿದೆ, ಅರ್ಧ ವಾಸನೆ ಹೋಯಿತು. ಕೊನೆಗೆ ಒಲೆಯ ಹೊಗೆ ಕೊಳವೆಯನ್ನೇ ಪಕ್ಕದ ಚಿಕ್ಕ ಕೋಣೆಯೊಳಗಿಂದ ಹಾಯಿಸಿ ಹೊರಗೆ ಬಿಟ್ಟೆ. ಕೊಳವೆಯ ಬಿಸಿಗೆ 8 ಬೆಡ್‌ಶೀಟ್ ಒಂದೇ ರಾತ್ರಿಯಲ್ಲಿ ಗರಿಗರಿ. ಕೊಳವೆಗೆ 9 ಸಾವಿರ ಕೊಟ್ಟಿದ್ದೆ. ಇಷ್ಟು ವರ್ಷದಲ್ಲಿ ಅಷ್ಟು ಕೆಲಸಕ್ಕೆ ಬಂದ ದುಡ್ಡು ಬೇರೆ ಇಲ್ಲ.

ಬುಕಿಂಗ್ ಮಾಡಿಸಿಕೊಡುವವರೊಬ್ಬರು ಫಲಕದಲ್ಲಿ "ರಾಜರ ಕಾಲದ ಬಂಗಲೆ" ಎಂದು ಬರೆಸಿ ಅಂತ ಒತ್ತಾಯ ಮಾಡಿದ್ದರು. ನಾನು ಒಪ್ಪಲಿಲ್ಲ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. ನಮ್ಮ ಮಾಡಿನ ಹೆಂಚಿನ ಮೇಲೆ ಬಾಸೆಲ್ ಮಿಷನ್ ಮುದ್ರೆಯಿದೆ, ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಈ ಮಾಡಿನ ಕೆಳಗೆ ಯಾವ ರಾಜನೂ ಮಲಗಿರಲು ಸಾಧ್ಯವಿಲ್ಲ. ಅದರ ಬದಲು ಒಡೆದ ಹೆಂಚೊಂದನ್ನು ಜಗಲಿಯಲ್ಲಿ ಇಟ್ಟಿದ್ದೇನೆ. ಬಂದವರು ಮಗುಚಿ ಅಕ್ಷರ ಓದುತ್ತಾರೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬಂದ ಹೆಂಚಿದು ಅಂದರೆ, ಅದೇ ದಾರಿಯಲ್ಲಿ ಕಾರಿನಲ್ಲಿ ಬಂದವರು ಕಣ್ಣರಳಿಸುತ್ತಾರೆ. ಒಡೆದದ್ದಕ್ಕೆ ಬದಲಿ ಹುಡುಕುವುದೇ ಕಷ್ಟ. ಬೇರೆ ಕಾರ್ಖಾನೆಯ ಹೆಂಚು ಕೂತರೂ ಕಚ್ಚಿಕೊಳ್ಳುವುದಿಲ್ಲ, ಸಂದಿಯಿಂದ ಇರಚಲು ಬರುತ್ತದೆ. ಕೆಡವಿದ ಮನೆಗಳಿಂದ 300 ಹೆಂಚು ಕೂಡಿಹಾಕಿದ್ದೇನೆ. ಯಾರಿಂದ ಎಂದು ಹೇಳಿದರೆ ನಾಳೆಯೇ ಅಲ್ಲಿ ಸಾಲು ನಿಲ್ಲುತ್ತದೆ.

ಊಟಕ್ಕೆ ಮಳೆಗಾಲದಷ್ಟು ಒಳ್ಳೆಯ ಕಾಲ ನಮ್ಮಲ್ಲಿ ಇನ್ನೊಂದಿಲ್ಲ. ಕಣಿಲೆ (ಎಳೆ ಬಿದಿರು), ಅಣಬೆ, ಕೆಸುವಿನೆಲೆ, ಕಡುಬು, ಕಾಚಂಪುಳಿ ಎಂಬ ನಮ್ಮ ಕಡೆಯ ಕಪ್ಪು ಹುಳಿ ಬಿದ್ದ ಹಂದಿ ಸಾರು. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಮದ್ದುಸೊಪ್ಪಿನ ಪಾಯಸ. ಎಲೆ ಕುದಿಸಿದ ನೀರು ನೇರಳೆಗೆ ತಿರುಗುವುದನ್ನು ನೋಡಲೆಂದೇ ಮಕ್ಕಳು ಅಡುಗೆಮನೆಗೆ ಬರುತ್ತಾರೆ. ಮೊದಲ ವರ್ಷ ಒಂದು ಮಾತು ಹೇಳಲು ಮರೆತೆ. ಬೆಳಿಗ್ಗೆ ಆರಕ್ಕೆ ಒಬ್ಬರು ಮೂತ್ರ ಕೆಂಪಾಗಿದೆ ಎಂದು ಬೆವರುತ್ತಾ ಬಾಗಿಲು ತಟ್ಟಿದರು. ಅತ್ತೆ ಅವರನ್ನು ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ಅದು ಸೊಪ್ಪಿನ ಬಣ್ಣ ಎಂದು ಸಮಾಧಾನ ಮಾಡಬೇಕಾಯಿತು. ಈಗ ಬಡಿಸುವ ಮೊದಲೇ ಹೇಳುತ್ತೇವೆ. ಆ ಮನೆಯವರು ಆಮೇಲೆ ಮೂರು ಕಕ್ಕಡಕ್ಕೂ ಬಂದಿದ್ದಾರೆ.

ತಲೆಗೆ 1,800, ಬೆಳಿಗ್ಗೆ ತಿಂಡಿ, ರಾತ್ರಿ ಊಟ ಸೇರಿ. ಮೊದಲು ಸೊನ್ನೆ ಇದ್ದ ಜುಲೈ, ಆಗಸ್ಟ್ ಈಗ 2 ಲಕ್ಷದ ಹತ್ತಿರ ತರುತ್ತಿವೆ.

ಜಗಲಿಯ ನೈಋತ್ಯದ ಗೋಡೆಯಲ್ಲಿ ಮಾತ್ರ ಇನ್ನೂ ಸಿಮೆಂಟಿದೆ. ಸುಣ್ಣ ತರಿಸಿ ಗುಂಡಿಗೆ ಹಾಕಿ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿದ್ದೇನೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ ಮೇಸ್ತ್ರಿ ಬರುತ್ತಾರೆ.