ಅಭಿಮಾನದ ಗೊಂಬೆ ಹೆಣೆಯುವ ಮುನ್ನ: ರೂಪ ಯಾರದ್ದು, ಹೆಸರು ಯಾರದ್ದು?

ಸಿನಿಮಾ, ಕಾರ್ಟೂನ್ ಮತ್ತು ವಿಡಿಯೊ ಗೇಮ್‌ಗಳಿಂದ ಪ್ರೇರಣೆ ಪಡೆದ ಕ್ರೋಶೆ (ಕೊಕ್ಕೆಸೂಜಿಯಿಂದ ನೂಲು ಹೆಣೆಯುವ ಕಲೆ) ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ನಾನು, ನೂಲಿನ ಬಣ್ಣ ಆರಿಸುವುದಕ್ಕೂ ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳುತ್ತೇನೆ: ಈ ರೂಪ ಯಾರದ್ದು, ಈ ಹೆಸರು ಯಾರದ್ದು? ಮೊದಲನೆಯದು ಬಹುಮಟ್ಟಿಗೆ ಕಾಪಿರೈಟ್‌ಗೆ, ಎರಡನೆಯದು ಟ್ರೇಡ್‌ಮಾರ್ಕ್‌ಗೆ ಸಂಬಂಧಿಸಿದ್ದು. ಮಿಕ್ಕಿ ಮೌಸ್ ಕಾಣಿಸಿಕೊಂಡ 1928ರ ಕಾರ್ಟೂನ್ ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ಯ ಕಾಪಿರೈಟ್ ಅಮೆರಿಕದಲ್ಲಿ 2024ರ ಜನವರಿ 1ರಂದು ಮುಗಿಯಿತು, ಹಾಗೆಂದು ಮಿಕ್ಕಿ ಮೌಸ್‌ನ ನಂತರದ ರೂಪಗಳಾಗಲಿ, ಡಿಸ್ನಿಯ ಟ್ರೇಡ್‌ಮಾರ್ಕ್‌ಗಳಾಗಲಿ ಮುಕ್ತವಾಗಲಿಲ್ಲ. ಕಾಪಿರೈಟ್‌ಗೆ ಕೊನೆಯುಂಟು, ಆದರೆ ಬಳಕೆಯಲ್ಲಿರುವ ಟ್ರೇಡ್‌ಮಾರ್ಕನ್ನು ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ನವೀಕರಿಸುತ್ತಲೇ ಹೋಗಬಹುದು.

ಶೇಕಡ 30ರಷ್ಟು ಬದಲಿಸಿದರೆ ತೊಂದರೆಯಿಲ್ಲವೆಂಬ ಮಾತು ಕರಕುಶಲಿಗರ ನಡುವೆ ಬಹಳವಾಗಿ ಓಡಾಡುತ್ತದೆ. ಅದಕ್ಕೆ ಕಾನೂನಿನ ಆಧಾರವಿಲ್ಲ. ನೋಡಿದವರು ಪಾತ್ರವನ್ನು ಥಟ್ಟನೆ ಗುರುತಿಸುವುದಾದರೆ, ಕಿವಿಯನ್ನು ಎರಡು ಸುತ್ತು ಕಡಿಮೆ ಹೆಣೆದ ಮಾತ್ರಕ್ಕೆ ಗೊಂಬೆ ನನ್ನದಾಗುವುದಿಲ್ಲ. ಕಾಪಿರೈಟ್ ರಕ್ಷಿಸುವುದು ಕಲ್ಪನೆಯನ್ನಲ್ಲ, ಅದರ ಅಭಿವ್ಯಕ್ತಿಯನ್ನು. ಚೂಪು ಟೋಪಿ, ಉದ್ದನೆಯ ಗಡ್ಡ, ಕೈಯಲ್ಲೊಂದು ಕೋಲು ಇರುವ ಮಾಂತ್ರಿಕ ಯಾರೊಬ್ಬರ ಸ್ವತ್ತೂ ಅಲ್ಲ, ಆದ್ದರಿಂದ ಅವನನ್ನು ನಿಶ್ಚಿಂತೆಯಿಂದ ಹೆಣೆಯುತ್ತೇನೆ. ಒಂದು ನಿರ್ದಿಷ್ಟ ಚಿತ್ರದ ಮಾಂತ್ರಿಕನ ಕನ್ನಡಕ, ಹಣೆಯ ಗುರುತು, ಶಾಲಿನ ಪಟ್ಟೆಗಳು ಒಂದೇ ಗೊಂಬೆಯಲ್ಲಿ ಸೇರಿಬಂದರೆ ಆ ವಿನ್ಯಾಸವನ್ನು ಕೈಬಿಡುತ್ತೇನೆ.

ನನ್ನ ಅನುಭವದಲ್ಲಿ ಹೆಚ್ಚಿನ ಎಚ್ಚರ ಬೇಡುವುದು ಗೊಂಬೆಯಲ್ಲ, ಅದರ ಜೊತೆಗೆ ಬರೆಯುವ ಶೀರ್ಷಿಕೆ ಮತ್ತು ಟ್ಯಾಗ್‌ಗಳು. ಹಕ್ಕುದಾರರ ಪರವಾಗಿ ಹುಡುಕುವವರು ಮೊದಲು ನೋಡುವುದು ಪದಗಳನ್ನೇ. ಸ್ವತಂತ್ರವಾಗಿ ರೂಪಿಸಿದ ಗೊಂಬೆಗೂ ಗಿರಾಕಿಗಳು ಬರಲೆಂದು ಪ್ರಸಿದ್ಧ ಹೆಸರು ಅಂಟಿಸಿದರೆ, ಇಲ್ಲದ ಟ್ರೇಡ್‌ಮಾರ್ಕ್ ತಕರಾರನ್ನು ನಾವೇ ಕರೆದುಕೊಂಡಂತೆ. ಹೀಗಾಗಿ ಬಳಸಬೇಕೆಂದಿರುವ ಪ್ರತಿ ಪದವನ್ನೂ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಹುಡುಕಿ, ಅದು ಯಾವ ವರ್ಗದಲ್ಲಿ ನೋಂದಣಿಯಾಗಿದೆಯೆಂದು ನೋಡುತ್ತೇನೆ. ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕು ಮತ್ತು ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ನೀಸ್ ವರ್ಗೀಕರಣದಲ್ಲಿ ಆಟಿಕೆಗಳು 28ನೆಯ ವರ್ಗದಲ್ಲಿಯೂ ಉಡುಪುಗಳು 25ರಲ್ಲಿಯೂ ಬರುತ್ತವೆ. ‘ಹಕ್ಕು ಉಲ್ಲಂಘನೆಯ ಉದ್ದೇಶವಿಲ್ಲ’ ಎಂಬ ಒಕ್ಕಣೆಯನ್ನು ನಾನು ಹಾಕುವುದಿಲ್ಲ, ಏಕೆಂದರೆ ಅದರಿಂದ ರಕ್ಷಣೆ ಸಿಗುವುದಕ್ಕಿಂತ ವಿಷಯ ನಮಗೆ ಗೊತ್ತಿತ್ತೆಂಬುದಕ್ಕೆ ಸಾಕ್ಷಿ ಸಿಗುವ ಸಂಭವವೇ ಹೆಚ್ಚು.

ಅನುಮತಿ ಕೇಳುವ ದಾರಿಯೂ ಇದೆ. ದೊಡ್ಡ ಸಂಸ್ಥೆಗಳ ಲೈಸೆನ್ಸ್ ಮುಂಗಡ ಹಣ ಮತ್ತು ರಾಯಧನದ ಷರತ್ತುಗಳಿಂದಾಗಿ ಒಬ್ಬರೇ ಕುಳಿತು ಹೆಣೆಯುವವರ ಕೈಗೆ ಎಟುಕುವುದು ಕಷ್ಟ. ಆದರೆ ಕೆಲವು ಸಣ್ಣ ಗೇಮ್ ತಯಾರಕರು ಅಭಿಮಾನಿಗಳ ಕೈಕೆಲಸವನ್ನು ಎಷ್ಟರಮಟ್ಟಿಗೆ ಮಾರಬಹುದೆಂದು ಲಿಖಿತ ನಿಯಮವನ್ನೇ ಪ್ರಕಟಿಸಿರುತ್ತಾರೆ. ಅಂಥ ಪುಟದ ಪ್ರತಿಯನ್ನು ದಿನಾಂಕದೊಡನೆ ಉಳಿಸಿಕೊಂಡ ಮೇಲೆಯೇ ನಾನು ಕೆಲಸ ಆರಂಭಿಸುತ್ತೇನೆ, ಏಕೆಂದರೆ ನಿಯಮಗಳು ಬದಲಾಗುತ್ತವೆ. ನನ್ನ ಸ್ವಂತ ವಿನ್ಯಾಸಗಳ ಕರಡು ಚಿತ್ರಗಳನ್ನೂ ಹೀಗೆಯೇ ಕಾಪಾಡುತ್ತೇನೆ; ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಪಿರೈಟ್ ಪಡೆಯಲು ನೋಂದಣಿ ಕಡ್ಡಾಯವಲ್ಲವಾದರೂ, ಇನ್ನೊಬ್ಬರು ನನ್ನ ಮಾಂತ್ರಿಕನನ್ನು ನಕಲು ಮಾಡಿದಾಗ ಮೊದಲು ರೂಪಿಸಿದವರು ಯಾರೆಂದು ತೋರಿಸಬೇಕಾದ ಹೊಣೆ ನನ್ನದೇ ಆಗಿರುತ್ತದೆ.