ಸೋಲಾರ್ ಮಾರುವಾಗ ‘ಉಚಿತ’ ಎನ್ನುವುದನ್ನು ಬಿಟ್ಟೆ

ಮನೆ ಛಾವಣಿಗೆ ಸೋಲಾರ್ ಮಾರುವುದು ನನ್ನ ಕೆಲಸ. ಆಸಕ್ತಿಯಿಂದ ಕೇಳಿಸಿಕೊಂಡವರೂ ದರಪಟ್ಟಿ ನೋಡಿದೊಡನೆ ಹಿಂದೆ ಸರಿಯುತ್ತಿದ್ದರು. ‘ಉಚಿತ ವಿದ್ಯುತ್’ ಎಂದರೆ ಫಲಕಗಳೂ ಉಚಿತ ಎಂದುಕೊಳ್ಳುತ್ತಿದ್ದರು. ಮನೆ ಸೋಲಾರ್‌ಗೆ ಸಹಾಯಧನ ಕೊಡುವ ಕೇಂದ್ರದ ‘ಸೂರ್ಯಘರ್ ಮುಫ್ತ್ ಬಿಜಲಿ’ (ಉಚಿತ ವಿದ್ಯುತ್) ಯೋಜನೆಯ ಹೆಸರಿನಲ್ಲೇ ಆ ಮಾತಿದೆಯಲ್ಲ!

ಈಗ ಮೊದಲು ಕರೆಂಟ್ ಬಿಲ್ ಕೇಳುತ್ತೇನೆ. ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವವರಿಗೆ ಇದರಿಂದ ಹೆಚ್ಚೇನೂ ಉಳಿಯದು. ಹಾಗೆಂದು ಹೇಳಿಯೇ ಎದ್ದು ಬರುತ್ತೇನೆ. ಉಳಿದವರಿಗೆ ‘3 ಕಿಲೋವ್ಯಾಟ್’ ಎನ್ನುವ ಬದಲು ‘ತಿಂಗಳಿಗೆ ಸುಮಾರು 300 ಯೂನಿಟ್’ ಎನ್ನುತ್ತೇನೆ. ‘ಮೊದಲು ಪೂರ್ತಿ ಹಣ ನೀವೇ ಕಟ್ಟಬೇಕು, ಅಳವಡಿಸಿದ ಮೇಲೆ 78,000 ರೂಪಾಯಿ ಸಹಾಯಧನ ನಿಮ್ಮ ಖಾತೆಗೆ ಬರುತ್ತದೆ’ ಎಂದು ಬಿಡಿಸಿ ಹೇಳುತ್ತೇನೆ. ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ಇದೂ ನಿಲ್ಲುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಆಗ ಕೆಲವರ ಮುಖ ಸಪ್ಪಗಾಗುತ್ತದೆ, ನಿಜ. ಆದರೆ ದರಪಟ್ಟಿ ಪಡೆದು ಫೋನ್ ಎತ್ತದವರು ಈಗ ಕಡಿಮೆ.